ಮಂಗಗಳು ಕಡಿಮೆ ತಿಂದದ್ದು ಯಾವುದಕ್ಕಿಂತ ಕಡಿಮೆ?

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಪತ್ರಿಕೆಯ ಆರೋಗ್ಯ ಪುರವಣಿಯಲ್ಲಿ ಈಚೆಗೆ ಪ್ರಕಟವಾದ ಲೇಖನವೊಂದರಲ್ಲಿ, ದಿನದ ಆಹಾರದ ಕ್ಯಾಲೊರಿಯನ್ನು ಶೇ 30ರಷ್ಟು ಕಡಿತಗೊಳಿಸಿದರೆ ಮುಪ್ಪು ನಿಧಾನವಾಗುತ್ತದೆ, ಆಯುಸ್ಸು ಹೆಚ್ಚುತ್ತದೆ ಎಂಬುದು ಮಂಗಗಳ ಮೇಲಿನ ಪ್ರಯೋಗದಿಂದ ಸಿದ್ಧವಾಗಿದೆ ಎಂದು ಬರೆಯಲಾಗಿತ್ತು. ಲೇಖನದಲ್ಲಿ ಸುಳ್ಳೇನೂ ಇಲ್ಲವಾದರೂ ಹೇಳದೆ ಬಿಟ್ಟದ್ದು ಬಹಳ ಇದೆ. ಈ ಪ್ರಶ್ನೆಗೆ ಉತ್ತರ ಹುಡುಕಲು ಅಮೆರಿಕದಲ್ಲಿ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಎರಡು ದೊಡ್ಡ ಪ್ರಯೋಗಗಳು ಆರಂಭವಾದವು. ಎರಡೂ ದಶಕಗಳ ಕಾಲ ನಡೆದವು. ಆಯುಸ್ಸಿನ ವಿಷಯದಲ್ಲಿ ಎರಡೂ ಬೇರೆ ಬೇರೆ ಉತ್ತರ ಕೊಟ್ಟವು. ಲೇಖನ ಒಂದನ್ನು ಮಾತ್ರ ಹೆಸರಿಸಿ ಇನ್ನೊಂದನ್ನು ಕೈಬಿಟ್ಟಿದೆ. ಅನೇಕ ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದವನಾಗಿ ನನಗನ್ನಿಸುವುದೇನೆಂದರೆ, ಆ ಎರಡು ಉತ್ತರಗಳು ಏಕೆ ಬೇರೆಯಾದವು ಎಂಬುದೇ ಈ ಇಡೀ ಸಂಶೋಧನೆಯ ಅತ್ಯಂತ ಉಪಯುಕ್ತ ಭಾಗ. ಅದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಓದಿದವರು ತಪ್ಪು ಪಾಠ ಕಲಿಯುವ ಸಂಭವ ಹೆಚ್ಚು.

ವಿಷಯದ ಹಿನ್ನೆಲೆ ಹಳೆಯದು. ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕೇ ಮತ್ತು ಸಹೋದ್ಯೋಗಿಗಳು 1935ರಲ್ಲಿ, ಪೋಷಕಾಂಶಗಳಿಗೆ ಕೊರತೆಯಾಗದಂತೆ ಕ್ಯಾಲೊರಿಯನ್ನು ಮಾತ್ರ ಕಡಿಮೆ ಮಾಡಿದ ಇಲಿಗಳು ಹೆಚ್ಚು ಕಾಲ ಬದುಕಿದ್ದನ್ನು ಪ್ರಕಟಿಸಿದರು. ನಂತರದ ದಶಕಗಳಲ್ಲಿ ಯೀಸ್ಟ್, ಹುಳು, ನೊಣ, ಇಲಿಗಳಲ್ಲೆಲ್ಲ ಇಂಥದೇ ಫಲಿತಾಂಶ ಕಾಣಿಸಿಕೊಂಡಿತು. ಆದರೆ ಪ್ರಯೋಗಾಲಯದ ಇಲಿಯ ಆಯುಸ್ಸು ಎರಡು ಮೂರು ವರ್ಷ. ಅದು ಸಾಯುವ ರೀತಿಯೂ ನಮ್ಮದಲ್ಲ. ಅದಕ್ಕಾಗಿಯೇ ವಿಜ್ಞಾನಿಗಳು ರೀಸಸ್ ಮಂಗಗಳ ಕಡೆ ತಿರುಗಿದರು. ಸಾಕಣೆಯಲ್ಲಿ ಈ ಮಂಗಗಳು ಸಾಮಾನ್ಯವಾಗಿ 26 ವರ್ಷದ ಆಸುಪಾಸು ಬದುಕುತ್ತವೆ, 40 ದಾಟುವುದು ಅಪರೂಪ. ಅವುಗಳ ಒಂದು ವರ್ಷವನ್ನು ಮನುಷ್ಯನ ಮೂರು ವರ್ಷಕ್ಕೆ ಸಮ ಎಂದು ಸ್ಥೂಲವಾಗಿ ಲೆಕ್ಕ ಹಾಕುತ್ತಾರೆ. ವಯಸ್ಸಾದಂತೆ ಅವುಗಳ ಕೂದಲು ನರೆಯುತ್ತದೆ, ಸ್ನಾಯು ಕರಗುತ್ತದೆ; ಮೈ ಬೆಳೆದರೆ ಮಧುಮೇಹ ಬರುತ್ತದೆ; ಕ್ಯಾನ್ಸರ್, ಹೃದ್ರೋಗಗಳೂ ಬರುತ್ತವೆ. ಮನುಷ್ಯರನ್ನು ಹುಟ್ಟಿನಿಂದ ಸಾವಿನವರೆಗೆ ಅಳೆದ ಆಹಾರದ ಮೇಲೆ ಇಡುವುದು ಸಾಧ್ಯವಿಲ್ಲದಿರುವಾಗ, ಅದಕ್ಕೆ ಅತ್ಯಂತ ಹತ್ತಿರದ ದಾರಿ ಇದೊಂದೇ ಆಗಿತ್ತು.

ಮೊದಲ ಪ್ರಯೋಗವನ್ನು ಅಮೆರಿಕದ ರಾಷ್ಟ್ರೀಯ ವೃದ್ಧಾಪ್ಯ ಸಂಸ್ಥೆಯು 1987ರಲ್ಲಿ ಮೇರಿಲ್ಯಾಂಡ್ ರಾಜ್ಯದಲ್ಲಿ ಆರಂಭಿಸಿತು. ಅದರ ವರದಿಯಲ್ಲಿರುವುದು 121 ಮಂಗಗಳ ಲೆಕ್ಕ. ಎರಡನೆಯದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಡಿಸನ್ ನಗರದ ಪ್ರೈಮೇಟ್ (ಮಂಗ, ವಾನರ, ಮನುಷ್ಯರು ಸೇರುವ ಪ್ರಾಣಿವರ್ಗ) ಸಂಶೋಧನಾ ಕೇಂದ್ರದಲ್ಲಿ 1989ರಲ್ಲಿ 30 ಗಂಡು ಮಂಗಗಳೊಂದಿಗೆ ಶುರುವಾಗಿ, 1994ರಲ್ಲಿ ಇನ್ನಷ್ಟು ಗಂಡು ಹೆಣ್ಣು ಮಂಗಗಳು ಸೇರಿ ಒಟ್ಟು 76ಕ್ಕೆ ಏರಿತು. ಎರಡೂ ಕಡೆ ಕಡಿತದ ಗುರಿ ಶೇ 30. ಎರಡೂ ಕಡೆ ವಿಟಮಿನ್, ಖನಿಜಗಳಿಗೆ ಕೊರತೆಯಾಗದಂತೆ ನೋಡಿಕೊಳ್ಳಲಾಯಿತು. ಕಾಗದದ ಮೇಲೆ ಎರಡೂ ಒಂದೇ ಪ್ರಯೋಗದ ಎರಡು ಪ್ರತಿಗಳಂತೆ ಕಾಣುತ್ತವೆ.

ನಿಮ್ಮ ಲೇಖನ ಆಧರಿಸಿರುವುದು ವಿಸ್ಕಾನ್ಸಿನ್ ತಂಡ 2009ರ ಜುಲೈನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ವರದಿಯನ್ನು. ಅದು ನಿಜಕ್ಕೂ ಗಮನ ಸೆಳೆಯುವಂಥದ್ದೇ. ವಯಸ್ಸಿಗೆ ಸಂಬಂಧಿಸಿದ ಕಾಯಿಲೆಗಳಿಂದ ಅಲ್ಲಿಯವರೆಗೆ ಸತ್ತವು, ಯಥೇಚ್ಛವಾಗಿ ತಿಂದ 38 ಮಂಗಗಳಲ್ಲಿ 14, ಕಡಿಮೆ ತಿಂದ 38ರಲ್ಲಿ 5 ಮಾತ್ರ. ಕ್ಯಾನ್ಸರ್ ಮತ್ತು ಹೃದಯ ಸಂಬಂಧಿ ಕಾಯಿಲೆಗಳು ಅರ್ಧದಷ್ಟಕ್ಕೆ ಇಳಿದಿದ್ದವು. ಯಥೇಚ್ಛ ತಿಂದ ಗುಂಪಿನಲ್ಲಿ 16 ಮಂಗಗಳಿಗೆ ಮಧುಮೇಹವೋ ಅದರ ಹಿಂದಿನ ಹಂತವೋ ಕಾಣಿಸಿಕೊಂಡಿದ್ದರೆ, ಕಡಿಮೆ ತಿಂದ ಗುಂಪಿನಲ್ಲಿ ಒಂದಕ್ಕೂ ಅದು ಬಂದಿರಲಿಲ್ಲ. ಮೆದುಳಿನ ಕೆಲವು ಭಾಗಗಳಲ್ಲಿ ನರಕೋಶಗಳು ದಟ್ಟವಾಗಿರುವ ಬೂದು ದ್ರವ್ಯದ ಸವೆತವೂ ಕಡಿಮೆಯಾಗಿತ್ತು. ವರದಿಯ ಜೊತೆಗೆ ಲೋಕವೆಲ್ಲ ಸುತ್ತಿದ ಎರಡು ಚಿತ್ರಗಳು ನಿಮ್ಮ ಓದುಗರಲ್ಲೂ ಕೆಲವರಿಗೆ ನೆನಪಿರಬಹುದು: ಕಡಿಮೆ ತಿಂದ 27 ವರ್ಷದ ಕ್ಯಾಂಟೊ ನೆಟ್ಟಗೆ, ಚುರುಕಾಗಿ ಕುಳಿತಿದ್ದರೆ, ಬೇಕಾದಷ್ಟು ತಿಂದ 29 ವರ್ಷದ ಓವೆನ್ ಜೋತುಬಿದ್ದ ಮುಖದೊಂದಿಗೆ ಮುದುಡಿಕೊಂಡಿತ್ತು. ಆ ಚಿತ್ರಗಳು ಮಾಡಿದಷ್ಟು ಪ್ರಚಾರವನ್ನು ಯಾವ ಅಂಕಿಅಂಶವೂ ಮಾಡಲಿಲ್ಲ. ಎರಡು ಮಂಗಗಳ ನಡುವೆ ಎರಡು ವರ್ಷದ ಅಂತರವಿತ್ತು ಎಂಬುದನ್ನು, ಅಂದರೆ ಮನುಷ್ಯರ ಲೆಕ್ಕದಲ್ಲಿ ಆರು ವರ್ಷ, ಎಷ್ಟು ಜನ ಗಮನಿಸಿದರೋ ಕಾಣೆ.

ಅದೇ ವರದಿಯಲ್ಲಿ ಇನ್ನೊಂದು ಸಂಗತಿಯೂ ಇದೆ. ಅರಿವಳಿಕೆಯ ತೊಂದರೆ, ಹೊಟ್ಟೆಯುಬ್ಬರ, ಗಾಯ ಮೊದಲಾದ ಕಾರಣಗಳಿಂದ ಸತ್ತ ಮಂಗಗಳನ್ನು ವಯಸ್ಸಿಗೆ ಸಂಬಂಧವಿಲ್ಲದ ಸಾವುಗಳೆಂದು ಬದಿಗಿಟ್ಟು ಮೇಲಿನ ಲೆಕ್ಕ ಮಾಡಲಾಗಿತ್ತು. ಎಲ್ಲ ಸಾವುಗಳನ್ನೂ ಸೇರಿಸಿ ನೋಡಿದಾಗ ಎರಡು ಗುಂಪುಗಳ ನಡುವಿನ ವ್ಯತ್ಯಾಸ ಸಂಖ್ಯಾಶಾಸ್ತ್ರದ ಕಣ್ಣಿಗೆ ನಿಶ್ಚಿತವೆನ್ನುವಷ್ಟು ಇರಲಿಲ್ಲ. ಹೀಗೆ ಬದಿಗಿಡುವುದು ಅಕ್ರಮವೇನಲ್ಲ. ಅಪಘಾತದಲ್ಲಿ ಸತ್ತ ಪ್ರಾಣಿ ಮುಪ್ಪಿನ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂಬ ವಾದಕ್ಕೆ ಅರ್ಥವಿದೆ. ಆದರೂ ಅರಿವಳಿಕೆಯನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ ತಿನ್ನುವ ದೇಹದಲ್ಲಿ ಕುಗ್ಗಿರುವುದಿಲ್ಲ ಎಂದು ಮೊದಲೇ ಊಹಿಸಿಕೊಳ್ಳುವುದು ಹೇಗೆ ಎಂಬ ಆಕ್ಷೇಪಕ್ಕೂ ಅಷ್ಟೇ ಅರ್ಥವಿದೆ. ಆಗಲೇ ಕೆಲವರು ಈ ಆಕ್ಷೇಪ ಎತ್ತಿದ್ದರು.

ಮೂರು ವರ್ಷಗಳ ನಂತರ, 2012ರ ಆಗಸ್ಟ್‌ನಲ್ಲಿ, ರಾಷ್ಟ್ರೀಯ ವೃದ್ಧಾಪ್ಯ ಸಂಸ್ಥೆಯ ವರದಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಕಡಿಮೆ ತಿಂದ ಮಂಗಗಳು ಹೋಲಿಕೆಯ ಗುಂಪಿನ ಮಂಗಗಳಿಗಿಂತ ಹೆಚ್ಚು ಕಾಲ ಬದುಕಲಿಲ್ಲ ಎಂಬುದು ಅದರ ಸಾರ. ಎಳೆಯದರಲ್ಲೇ ಕಡಿತ ಆರಂಭಿಸಿದ ಮಂಗಗಳಲ್ಲೂ ಇಲ್ಲ, ಮಧ್ಯವಯಸ್ಸು ದಾಟಿದ ಮೇಲೆ ಆರಂಭಿಸಿದವುಗಳಲ್ಲೂ ಇಲ್ಲ. ಆರೋಗ್ಯದ ಕೆಲವು ಸೂಚಕಗಳು ಸುಧಾರಿಸಿದ್ದವು. ಎಳೆಯದರಲ್ಲಿ ಆರಂಭಿಸಿದ ಗುಂಪಿನಲ್ಲಿ ಕ್ಯಾನ್ಸರ್ ಗಮನಾರ್ಹವಾಗಿ ಕಡಿಮೆಯಿತ್ತು. ಆದರೆ ಆಯುಸ್ಸಿನ ಗೆರೆಗಳೆರಡೂ ಒಂದರ ಮೇಲೊಂದು ಬಿದ್ದಿದ್ದವು. 2009ರಲ್ಲಿ ‘ಕಡಿಮೆ ತಿಂದರೆ ದೀರ್ಘಾಯುಸ್ಸು’ ಎಂದು ಬರೆದ ಪತ್ರಿಕೆಗಳೇ 2012ರಲ್ಲಿ ‘ಕಡಿಮೆ ತಿಂದರೆ ಪ್ರಯೋಜನವಿಲ್ಲ’ ಎಂದು ಬರೆದವು. ಎರಡೂ ಶೀರ್ಷಿಕೆಗಳು ಒಂದು ಮುಖ್ಯ ಪ್ರಶ್ನೆಯನ್ನು ಕೇಳಲೇ ಇಲ್ಲ: ಕಡಿಮೆ ಎಂದರೆ ಯಾವುದಕ್ಕಿಂತ ಕಡಿಮೆ?

ಸ್ವಲ್ಪ ವಿಸ್ತಾರವಾದರೂ ಇದನ್ನು ವಿವರಿಸಲೇಬೇಕಾಗಿದೆ. ವಿಸ್ಕಾನ್ಸಿನ್‌ನಲ್ಲಿ ಹೋಲಿಕೆಯ ಗುಂಪಿನ ಮಂಗಗಳ ಮುಂದೆ ಹಗಲಿನ ನಿಗದಿತ ಗಂಟೆಗಳಲ್ಲಿ ಆಹಾರವನ್ನು ಇಟ್ಟು, ಬೇಕಾದಷ್ಟು ತಿನ್ನಲು ಬಿಡಲಾಗುತ್ತಿತ್ತು. ಕಡಿತದ ಗುಂಪಿನ ಪ್ರತಿ ಮಂಗವೂ ಮೊದಲು ತಾನಾಗಿ ಎಷ್ಟು ತಿನ್ನುತ್ತಿತ್ತು ಎಂಬುದನ್ನು ಅಳೆದು, ಅದರಲ್ಲಿ ತಿಂಗಳಿಗೆ ಶೇ 10ರಂತೆ ಮೂರು ತಿಂಗಳಲ್ಲಿ ಶೇ 30ರಷ್ಟು ಇಳಿಸಿದರು. ಮೇರಿಲ್ಯಾಂಡ್‌ನಲ್ಲಿ ಹಾಗಲ್ಲ. ಅಲ್ಲಿ ಹೋಲಿಕೆಯ ಗುಂಪಿಗೂ ಅಳೆದೇ ಬಡಿಸುತ್ತಿದ್ದರು. ವಯಸ್ಸು ಮತ್ತು ತೂಕಕ್ಕೆ ತಕ್ಕಷ್ಟು, ಬೊಜ್ಜು ಬೆಳೆಯದ ಹಾಗೆ. ಕಡಿತದ ಗುಂಪಿಗೆ ಕೊಟ್ಟದ್ದು ಆ ಅಳತೆಗಿಂತ ಶೇ 30 ಕಡಿಮೆ. ಎಂದರೆ, ಒಂದು ಕಡೆ ಮಿತಾಹಾರವನ್ನು ಅತಿ ಆಹಾರದೊಂದಿಗೆ ಹೋಲಿಸಿದರು; ಇನ್ನೊಂದು ಕಡೆ ಇನ್ನೂ ಮಿತವಾದ ಆಹಾರವನ್ನು ಮಿತಾಹಾರದೊಂದಿಗೇ ಹೋಲಿಸಿದರು. ಅಳೆಯುವ ಕೋಲುಗಳೇ ಬೇರೆ ಬೇರೆ ಉದ್ದದವಾಗಿದ್ದಾಗ ಅಳತೆ ಒಂದೇ ಬರಬೇಕೆಂದು ನಿರೀಕ್ಷಿಸುವುದು ಸರಿಯಲ್ಲ.

ತಿಂದದ್ದೇನು ಎಂಬುದರಲ್ಲೂ ಅಷ್ಟೇ ದೊಡ್ಡ ಅಂತರವಿತ್ತು. ವಿಸ್ಕಾನ್ಸಿನ್‌ನ ಆಹಾರ ಶುದ್ಧೀಕರಿಸಿದ ಘಟಕಗಳಿಂದ ಮಾಡಿದ್ದು: ಹಾಲಿನಿಂದ ಬೇರ್ಪಡಿಸಿದ ಪ್ರೋಟೀನು, ಜೋಳದ ಎಣ್ಣೆ, ಮತ್ತು ತೂಕದಲ್ಲಿ ಶೇ 28ಕ್ಕೂ ಮಿಕ್ಕಿ ಸಕ್ಕರೆ. ಮೇರಿಲ್ಯಾಂಡ್‌ನ ಆಹಾರ ಧಾನ್ಯ, ಸೋಯಾ, ಮೀನು ಮುಂತಾದ ನೈಸರ್ಗಿಕ ಪದಾರ್ಥಗಳದ್ದು; ಅದರಲ್ಲಿ ಸಕ್ಕರೆಯ ಪಾಲು ಶೇ 4ಕ್ಕಿಂತ ಕಡಿಮೆ. ವಿಸ್ಕಾನ್ಸಿನ್‌ನವರು ತಮ್ಮ ಆಯ್ಕೆಗೆ ಕೊಟ್ಟ ಸಮರ್ಥನೆಯೂ ನ್ಯಾಯವಾದದ್ದೇ. ಘಟಕಗಳು ಶುದ್ಧವಾಗಿದ್ದರೆ ವರ್ಷದಿಂದ ವರ್ಷಕ್ಕೆ ಆಹಾರ ಒಂದೇ ರೀತಿ ಇರುತ್ತದೆ, ಪ್ರಯೋಗದ ಮೇಲೆ ಹಿಡಿತವಿರುತ್ತದೆ. ಅದಕ್ಕಿಂತ ಹೆಚ್ಚಾಗಿ, ಇಂದಿನ ಮನುಷ್ಯರು ತಿನ್ನುತ್ತಿರುವುದೂ ಹೆಚ್ಚುಕಡಿಮೆ ಇಂಥದೇ ಆಹಾರ. ಒಪ್ಪಬೇಕಾದ ಮಾತು. ಆದರೆ ಅದನ್ನು ಒಪ್ಪಿದ ಕ್ಷಣವೇ ಫಲಿತಾಂಶದ ಅರ್ಥವೂ ಬದಲಾಗುತ್ತದೆ. ಸಕ್ಕರೆ ತುಂಬಿದ ಆಹಾರವನ್ನು ಮಿತಿಯಿಲ್ಲದೆ ತಿಂದ ಮಂಗಗಳಿಗಿಂತ ಅದನ್ನೇ ಕಡಿಮೆ ತಿಂದ ಮಂಗಗಳು ಚೆನ್ನಾಗಿ ಬದುಕಿದವು ಎಂಬುದು ಒಂದು ಮಾತು. ಕ್ಯಾಲೊರಿ ಕಡಿತ ಮುಪ್ಪನ್ನೇ ನಿಧಾನಗೊಳಿಸುತ್ತದೆ ಎಂಬುದು ಬೇರೆಯೇ ಮಾತು. ಮೊದಲನೆಯದು ಗಟ್ಟಿಯಾಗಿ ನಿಲ್ಲುತ್ತದೆ. ಎರಡನೆಯದಕ್ಕೆ ಆಧಾರ ಇಲ್ಲವೆಂದು ನಾನು ಹೇಳುತ್ತಿಲ್ಲ, ಅಷ್ಟು ಸುಲಭವಾಗಿ ಅದನ್ನು ಹೇಳಿಬಿಡಲಾಗದು ಎಂದಷ್ಟೇ ನನ್ನ ವಾದ.

ಮಂಗಗಳ ವಂಶಮೂಲದಲ್ಲೂ ವ್ಯತ್ಯಾಸವಿತ್ತು. ವಿಸ್ಕಾನ್ಸಿನ್‌ನವು ಭಾರತೀಯ ಮೂಲದ ರೀಸಸ್ ಮಂಗಗಳು. ಮೇರಿಲ್ಯಾಂಡ್‌ನಲ್ಲಿ ಭಾರತೀಯ ಮತ್ತು ಚೀನೀ ಮೂಲದವು ಬೆರೆತಿದ್ದವು. ಇದು ಎಷ್ಟು ಪರಿಣಾಮ ಬೀರಿತೆಂದು ಬಿಡಿಸಿ ಹೇಳುವುದು ಕಷ್ಟ.

2014ರಲ್ಲಿ ವಿಸ್ಕಾನ್ಸಿನ್ ತಂಡ ಇನ್ನಷ್ಟು ವರ್ಷಗಳ ಮಾಹಿತಿಯೊಂದಿಗೆ ಮರಳಿ ಬಂತು. ಈ ಬಾರಿ ಎಲ್ಲ ಕಾರಣಗಳ ಸಾವುಗಳನ್ನು ಸೇರಿಸಿ ನೋಡಿದರೂ ಕಡಿತದ ಗುಂಪಿನ ಮೇಲುಗೈ ಸ್ಪಷ್ಟವಾಗಿತ್ತು. ಹಾಗಾಗಿ ಹಿಂದಿನ ಆಕ್ಷೇಪದ ಬಿಸಿ ಬಹುಮಟ್ಟಿಗೆ ತಣ್ಣಗಾಯಿತು. ಜೊತೆಗೆ ಅವರು ಬೇರೆ ಬೇರೆ ಕೇಂದ್ರಗಳ ಮಂಗಗಳ ತೂಕದ ದಾಖಲೆಗಳನ್ನು ಹೋಲಿಸಿ, ಮೇರಿಲ್ಯಾಂಡ್‌ನ ಹೋಲಿಕೆಯ ಗುಂಪಿನ ಮಂಗಗಳೇ ಸಾಮಾನ್ಯಕ್ಕಿಂತ ತೆಳ್ಳಗಿದ್ದವು, ಹಾಗಾಗಿ ಅವೂ ವಾಸ್ತವದಲ್ಲಿ ಕಡಿತದ ಆಹಾರದ ಮೇಲೆಯೇ ಇದ್ದವು ಎಂದು ವಾದಿಸಿದರು. ಪ್ರತಿಸ್ಪರ್ಧಿಗಳ ನಡುವಿನ ಜಗಳ ಇಲ್ಲಿಗೆ ನಿಂತಿದ್ದರೆ ನಮಗೆ ದಕ್ಕುತ್ತಿದ್ದುದು ಅಷ್ಟೇ. ಆದರೆ ಎರಡೂ ತಂಡಗಳು ಒಟ್ಟಿಗೆ ಕುಳಿತು, ತಮ್ಮ ಮಾಹಿತಿಯನ್ನೆಲ್ಲ ಒಂದೆಡೆ ಹರಡಿಕೊಂಡು, 2017ರ ಜನವರಿಯಲ್ಲಿ ‘ನೇಚರ್ ಕಮ್ಯೂನಿಕೇಷನ್ಸ್’ ಪತ್ರಿಕೆಯಲ್ಲಿ ಜಂಟಿ ವರದಿ ಪ್ರಕಟಿಸಿದವು. ಭಿನ್ನಮತದ ಎರಡು ಪ್ರಯೋಗಾಲಯಗಳು ಹೀಗೆ ಮಾಡುವುದು ವಿಜ್ಞಾನದಲ್ಲೂ ಅಪರೂಪ. ನಿಮ್ಮ ಲೇಖನದಲ್ಲಿ ಕಾಣಬೇಕಿದ್ದದ್ದು ಈ ವರದಿಯೇ.

ಕ್ಯಾಲೊರಿ ಕಡಿತ ಮಂಗಗಳ ಆರೋಗ್ಯವನ್ನೂ ಬದುಕುಳಿಯುವಿಕೆಯನ್ನೂ ಸುಧಾರಿಸುತ್ತದೆ ಎಂದು ಆ ಜಂಟಿ ವರದಿ ಒಪ್ಪಿಕೊಂಡಿತು. ಅದರ ಬೆನ್ನಿಗೇ ಷರತ್ತುಗಳನ್ನೂ ಹಾಕಿತು. ಆರಂಭಿಸುವ ವಯಸ್ಸು ಮುಖ್ಯ. ಇಲಿಗಳಲ್ಲಿ ಎಷ್ಟು ಬೇಗ ಆರಂಭಿಸಿದರೆ ಅಷ್ಟು ಲಾಭ ಎಂಬ ನಂಬಿಕೆ ಬೇರೂರಿತ್ತು. ಎಳೆಯ ಮಂಗಗಳಲ್ಲಿ ಆರಂಭಿಸಿದ ಕಡಿತ ಆಯುಸ್ಸಿಗೆ ಏನನ್ನೂ ಕೂಡಿಸಲಿಲ್ಲ. ಬೆಳೆದು ನಿಂತ ಮತ್ತು ಮಧ್ಯವಯಸ್ಸಿನ ಮಂಗಗಳಲ್ಲಿ ಚಿತ್ರ ಬೇರೆ. ಮೇರಿಲ್ಯಾಂಡ್‌ನಲ್ಲಿ 16ನೇ ವಯಸ್ಸಿನಲ್ಲಿ ಕಡಿತದ ಆಹಾರಕ್ಕೆ ಬಂದ ಗಂಡು ಮಂಗವೊಂದು 43 ವರ್ಷ ದಾಟಿ ಬದುಕಿ, ಆ ಜಾತಿಯಲ್ಲೇ ದಾಖಲೆ ನಿರ್ಮಿಸಿತು. ಆದರೆ ಅಲ್ಲಿ ತಡವಾಗಿ ಆರಂಭಿಸಿದ ಗುಂಪಿನ ಜೊತೆಗಿದ್ದ ಹೋಲಿಕೆಯ ಮಂಗಗಳೂ ಸಾಮಾನ್ಯಕ್ಕಿಂತ ಬಹಳ ಹೆಚ್ಚು ಕಾಲ ಬದುಕಿದವು. ಅವುಗಳ ಊಟದ ಪ್ರಮಾಣವೂ ಮಿತವಾಗಿಯೇ ಇದ್ದದ್ದು ಇದಕ್ಕೆ ಕಾರಣವಿರಬಹುದು. ಇದರಿಂದ ಹೊರಡುವ ಸೂಚನೆಯೊಂದಿದೆ: ಅತಿಯಿಂದ ಮಿತಕ್ಕೆ ಇಳಿದಾಗ ಸಿಗುವ ಲಾಭ ದೊಡ್ಡದು, ಮಿತದಿಂದ ಇನ್ನೂ ಕೆಳಗೆ ಇಳಿದಾಗ ಸಿಗುವುದು ಅಲ್ಪ, ಒಮ್ಮೊಮ್ಮೆ ಏನೂ ಇಲ್ಲ. ಹೆಣ್ಣು ಮಂಗಗಳಿಗೆ ದೇಹದ ಕೊಬ್ಬಿನಿಂದಾಗುವ ಹಾನಿ ಗಂಡುಗಳಿಗಿಂತ ಕಡಿಮೆ ಎಂಬ ಮಾತೂ ವರದಿಯಲ್ಲಿದೆ.

ದೇಹದೊಳಗೆ ಏನಾಗುತ್ತದೆ ಎಂಬುದರ ಬಗ್ಗೆ ಲೇಖನ ಒಂದೇ ವಾಕ್ಯದಲ್ಲಿ ‘ಜೀವಕೋಶಗಳು ಶುದ್ಧವಾಗುತ್ತವೆ’ ಎಂದು ಮುಗಿಸಿದೆ. ಆಹಾರ ಕಡಿಮೆಯಾದಾಗ ಇನ್ಸುಲಿನ್ ಮತ್ತು ಅದರ ಬಂಧುವಾದ ಐಜಿಎಫ್-1ರ ಸಂಕೇತಗಳು ತಗ್ಗುತ್ತವೆ, ಬೆಳವಣಿಗೆಯನ್ನು ಉತ್ತೇಜಿಸುವ ಎಂಟಾರ್ ಎಂಬ ಪ್ರೋಟೀನಿನ ಚಟುವಟಿಕೆ ಇಳಿಯುತ್ತದೆ, ಜೀವಕೋಶ ತನ್ನ ಹಳೆಯ ಭಾಗಗಳನ್ನು ತಾನೇ ಜೀರ್ಣಿಸಿಕೊಳ್ಳುವ ಕ್ರಿಯೆ ಚುರುಕಾಗುತ್ತದೆ, ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳು ಇಂಧನವನ್ನು ಬಳಸುವ ರೀತಿ ಬದಲಾಗುತ್ತದೆ. ಬೆಳೆಯುವ ಕೆಲಸವನ್ನು ಮುಂದೂಡಿ ಇದ್ದುದನ್ನು ದುರಸ್ತಿ ಮಾಡಿಕೊಳ್ಳುವ ಕಡೆ ದೇಹ ವಾಲುತ್ತದೆ ಎಂದು ಸ್ಥೂಲವಾಗಿ ಹೇಳಬಹುದು. ವಿಸ್ಕಾನ್ಸಿನ್‌ನ ಮಂಗಗಳಲ್ಲಿ ಇನ್ಸುಲಿನ್‌ಗೆ ಸ್ಪಂದಿಸುವ ಶಕ್ತಿ ಉಳಿದುಕೊಂಡದ್ದೂ ಸ್ನಾಯುಗಳ ಸವೆತ ತಡವಾದದ್ದೂ ಇದಕ್ಕೆ ಹೊಂದಿಕೆಯಾಗುತ್ತವೆ.

ಆದರೆ ಈ ವಾಲುವಿಕೆಗೆ ಬೆಲೆಯೂ ಇದೆ. ಮಡಗಾಸ್ಕರ್ ಮೂಲದ ಬೂದು ಮೌಸ್ ಲೀಮರ್ ಎಂಬ ಪುಟ್ಟ ಪ್ರೈಮೇಟ್‌ಗಳ ಮೇಲೆ ಫ್ರಾನ್ಸಿನಲ್ಲಿ ನಡೆದ ಪ್ರಯೋಗದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಶೇ 30 ಕಡಿತದಿಂದ ಅವುಗಳ ಮಧ್ಯಮ ಆಯುಸ್ಸು (ಅರ್ಧದಷ್ಟು ಪ್ರಾಣಿಗಳು ತಲುಪುವ ವಯಸ್ಸು) 6.4 ವರ್ಷದಿಂದ 9.6 ವರ್ಷಕ್ಕೆ ಏರಿತು. ಯಾವ ಪ್ರೈಮೇಟ್‌ನಲ್ಲೂ ಇಷ್ಟು ದೊಡ್ಡ ಏರಿಕೆಯನ್ನು ನಾನು ಓದಿಲ್ಲ. ಅದೇ ಪ್ರಾಣಿಗಳ ಮೆದುಳಿನಲ್ಲಿ ಬೂದು ದ್ರವ್ಯ ಮಾತ್ರ ಹೋಲಿಕೆಯ ಗುಂಪಿಗಿಂತ ವೇಗವಾಗಿ ಸವೆಯಿತು. ಅವುಗಳ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಅದರಿಂದ ಕುಂದು ಕಾಣಲಿಲ್ಲ ಎಂಬುದು ಸಮಾಧಾನದ ವಿಷಯವಾದರೂ, ವಿಸ್ಕಾನ್ಸಿನ್‌ನ ಮೆದುಳಿನ ಫಲಿತಾಂಶಕ್ಕೆ ಇದು ನೇರ ವಿರುದ್ಧ.

ಇಲಿಗಳಲ್ಲಿಯೂ ಕಥೆ ಲೇಖನದಲ್ಲಿ ಹೇಳಿದಷ್ಟು ನೇರವಾಗಿಲ್ಲ. ಅನುವಂಶೀಯವಾಗಿ ಭಿನ್ನವಾದ 40ಕ್ಕೂ ಹೆಚ್ಚು ತಳಿಗಳ ಮೇಲೆ ಶೇ 40 ಕಡಿತವನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಯುಸ್ಸು ಹೆಚ್ಚಿದ ತಳಿಗಳಿಗಿಂತ ಕಡಿಮೆಯಾದ ತಳಿಗಳೇ ಹೆಚ್ಚಿದ್ದವು. 2024ರಲ್ಲಿ ಬಂದ, 960 ಹೆಣ್ಣು ಇಲಿಗಳ ಅಧ್ಯಯನ ಇನ್ನೂ ಸ್ವಾರಸ್ಯಕರ. ಕಡಿತದಿಂದ ಸರಾಸರಿ ಆಯುಸ್ಸು ಹೆಚ್ಚಿತು, ನಿಜ. ಆದರೆ ಒಂದೇ ಬಗೆಯ ಕಡಿತಕ್ಕೆ ಒಳಗಾದ ಇಲಿಗಳಲ್ಲಿ ಹೆಚ್ಚು ಕಾಲ ಬದುಕಿದವು ತೂಕವನ್ನು ಅತಿ ಕಡಿಮೆ ಕಳೆದುಕೊಂಡವು. ಬೇಗ ಬೇಗ ತೂಕ ಇಳಿಸಿಕೊಳ್ಳುವುದನ್ನೇ ಯಶಸ್ಸೆಂದು ತಿಳಿದವರು ಇದನ್ನು ಎರಡು ಸಲ ಓದಬೇಕು.

ಮನುಷ್ಯರ ವಿಷಯಕ್ಕೆ ಬಂದರೆ, ಇದುವರೆಗಿನ ಅತ್ಯಂತ ಎಚ್ಚರಿಕೆಯ ಪ್ರಯೋಗವೆಂದರೆ ಅಮೆರಿಕದಲ್ಲಿ ನಡೆದ ‘ಕ್ಯಾಲರಿ’ ಹೆಸರಿನ ಅಧ್ಯಯನ. ಬೊಜ್ಜಿಲ್ಲದ, ಆರೋಗ್ಯವಂತರಾದ 218 ಮಂದಿ ಎರಡು ವರ್ಷಗಳ ಅವಧಿಗೆ ಅದರಲ್ಲಿ ಭಾಗವಹಿಸಿದ್ದರು. ಕಡಿತದ ಗುರಿ ಶೇ 25 ಆಗಿತ್ತು. ಆಹಾರ ತಜ್ಞರ, ಮನಃಶಾಸ್ತ್ರಜ್ಞರ ನಿರಂತರ ನೆರವಿದ್ದೂ ಕಡಿತದ ಗುಂಪಿನವರು ಸರಾಸರಿ ಸಾಧಿಸಿದ್ದು ಶೇ 12ರಷ್ಟು. ಅಷ್ಟರಿಂದಲೇ ರಕ್ತದೊತ್ತಡ, ಕೊಲೆಸ್ಟರಾಲ್ ಸುಧಾರಿಸಿದವು. 2023ರಲ್ಲಿ ಅವರ ರಕ್ತದ ಮಾದರಿಗಳನ್ನು ಮತ್ತೆ ಪರೀಕ್ಷಿಸಿದಾಗ, ಡಿಎನ್‌ಎ ಆಧರಿಸಿದ ಒಂದು ಅಳತೆಯ ಪ್ರಕಾರ ಮುಪ್ಪಿನ ವೇಗ ಶೇ 2ರಿಂದ 3ರಷ್ಟು ತಗ್ಗಿತ್ತು. ಬೇರೆ ಅಳತೆಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅದೇ ಜನರ ಸೊಂಟ ಮತ್ತು ಬೆನ್ನೆಲುಬಿನ ಮೂಳೆಗಳ ಸಾಂದ್ರತೆ ಮಾತ್ರ ಇಳಿದಿತ್ತು. ಎರಡು ವರ್ಷದ ಅಧ್ಯಯನ ಆಯುಸ್ಸಿನ ಬಗ್ಗೆ ಏನನ್ನೂ ಹೇಳಲಾರದು. ಅಷ್ಟೊಂದು ನೆರವಿದ್ದೂ ಗುರಿಯ ಅರ್ಧಕ್ಕೆ ನಿಂತದ್ದು ಹೇಳುವುದು ಮಾತ್ರ ಬಹಳಷ್ಟಿದೆ. ಪಂಜರದ ಮಂಗಕ್ಕೆ ಬೇರೆ ದಾರಿಯಿರಲಿಲ್ಲ, ಇವರಿಗಿತ್ತು.

ಇವೆಲ್ಲದರ ನಡುವೆ ಲೇಖನದ ಕೊನೆಯಲ್ಲಿದ್ದ ‘ಇಂದಿನಿಂದಲೇ ಊಟದಲ್ಲಿ ಮೂರನೇ ಒಂದು ಭಾಗ ಬಿಡಿ’ ಎಂಬ ಸಲಹೆಯೇ ನನ್ನನ್ನು ಈ ಪತ್ರ ಬರೆಯಲು ಹಚ್ಚಿದ್ದು. ಯಾರಿಗೆ ಹೇಳಿದ ಸಲಹೆ ಇದು? ಈಗಾಗಲೇ ಮಿತವಾಗಿ ತಿನ್ನುತ್ತಿರುವ ತೆಳ್ಳನೆಯ ದೇಹದವರು ಇದನ್ನು ಪಾಲಿಸಿದರೆ ಅವರು ಮೇರಿಲ್ಯಾಂಡ್‌ನ ಹೋಲಿಕೆಯ ಗುಂಪಿನಿಂದಲೂ ಕೆಳಕ್ಕೆ ಇಳಿಯುತ್ತಾರೆ. ಅಲ್ಲಿ ಲಾಭವಿದೆ ಎನ್ನಲು ಮಂಗಗಳು ಯಾವ ಸಾಕ್ಷ್ಯವನ್ನೂ ಕೊಟ್ಟಿಲ್ಲ. ಬೆಳೆಯುವ ಮಕ್ಕಳು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಈ ಲೆಕ್ಕಕ್ಕೇ ಬರುವುದಿಲ್ಲ. ವಯಸ್ಸಾದವರಲ್ಲಿ ಸ್ನಾಯು ಮತ್ತು ಮೂಳೆ ಮೊದಲೇ ಸವೆಯುತ್ತಿರುತ್ತವೆ. ಪ್ರೋಟೀನಿನ ಕಡೆ ಗಮನವಿಲ್ಲದೆ ಊಟ ಕಡಿಮೆ ಮಾಡಿದರೆ ಬಿದ್ದು ಮೂಳೆ ಮುರಿದುಕೊಳ್ಳುವ ಅಪಾಯ ಹೆಚ್ಚುತ್ತದೆ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆಗಳನ್ನು ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ತಗ್ಗಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಪ್ರಯೋಗಾಲಯದ ‘ಕ್ಯಾಲೊರಿ ಕಡಿತ’ ಎಂದರೆ ಪ್ರತಿ ವಿಟಮಿನ್ನು, ಪ್ರತಿ ಖನಿಜ ತೂಗಿ ಕೊಟ್ಟ ಮೇಲಿನ ಕಡಿತ. ತಟ್ಟೆಯಲ್ಲಿ ಮೂರನೇ ಒಂದು ಭಾಗ ಬಿಟ್ಟರೆ ಕ್ಯಾಲೊರಿಯ ಜೊತೆಗೆ ಪ್ರೋಟೀನು, ಕಬ್ಬಿಣ, ಸುಣ್ಣದಂಶಗಳೂ ಮೂರನೇ ಒಂದು ಭಾಗ ಹೋಗುತ್ತವೆ.

ಆದ್ದರಿಂದ 2012 ಮತ್ತು 2017ರ ವರದಿಗಳ ವಿಷಯವನ್ನು ಸೇರಿಸಿದ ಸ್ಪಷ್ಟೀಕರಣವೊಂದನ್ನು ಅದೇ ಪುರವಣಿಯಲ್ಲಿ, ಲೇಖನಕ್ಕೆ ಕೊಟ್ಟಷ್ಟೇ ಎದ್ದುಕಾಣುವ ಜಾಗದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ. ಮುಂದೆ ಇಂಥ ಪ್ರಯೋಗಗಳ ಸುದ್ದಿ ಬರೆಯುವಾಗ ಕಡಿಮೆ ತಿಂದ ಗುಂಪು ಏನು ತಿಂದಿತು ಎಂಬುದರ ಪಕ್ಕದಲ್ಲೇ ಹೋಲಿಕೆಯ ಗುಂಪು ಏನನ್ನು, ಎಷ್ಟು ತಿಂದಿತು ಎಂಬುದನ್ನೂ ಒಂದು ಸಾಲಿನಲ್ಲಿ ಬರೆಯುವಂತೆ ನಿಮ್ಮ ಲೇಖಕರಿಗೆ ತಿಳಿಸಿದರೆ ಉಪಕಾರವಾದೀತು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ